ಹಸುವಿಗೆ ಹಾಕಿದ ಸೀಬೆಹಣ್ಣು

ಕಾರ್ತಿಕದ ಸೋಮವಾರ ಬೆಳಿಗ್ಗೆ ನಮ್ಮ ಬಚ್ಚಲುಮನೆಯಿಂದ ನಾದಿನಿ ಕರೆದಳು. ಕೂಗಾಡಲಿಲ್ಲ. "ಅತ್ಗೆ, ಬನ್ನಿ ಇಲ್ಲಿ" ಎಂದಳು, ಅಷ್ಟೇ. ನಾನು ನೈವೇದ್ಯದ ಸಜ್ಜಿಗೆ ತಿರುವುತ್ತಿದ್ದೆ. ಒಲೆ ಸಣ್ಣ ಮಾಡಿ ಹೋದೆ.

ಅತ್ತೆ ಮಣೆಯ ಮೇಲೆ ಕೂತಿದ್ದರು. ಮೈಗೆಲ್ಲ ಹರಳೆಣ್ಣೆ ಹಚ್ಚಿತ್ತು. ಗಂಡನ ಮನೆ ಬಾಗೂರಿನಿಂದ ಹಿಂದಿನ ದಿನವೇ ಬಂದಿದ್ದ ನಾದಿನಿ ತಾನೇ ತಾಯಿಗೆ ಎಣ್ಣೆನೀರು ಹಾಕುತ್ತೇನೆಂದು ಕೂರಿಸಿಕೊಂಡಿದ್ದಳು. ಈಗ ತಾಯಿಯ ಸೀರೆಯನ್ನು ಮಂಡಿಯ ಮೇಲಕ್ಕೆ ಸರಿಸಿ ಹಿಡಿದಿದ್ದಳು. ಮೀನಖಂಡದ ಮೇಲೆ ನೇರಳೆಹಣ್ಣು ಹಿಸುಕಿದ ಹಾಗೆ ಕಲೆಗಳು. ತೊಡೆಯ ಹಿಂದೆ ಅಂಗೈಯಗಲದ ಒಂದು. ಮೊಳಕೈ ಹತ್ತಿರ ಹಳದಿಗೆ ತಿರುಗಿದ ಇನ್ನೊಂದು.

"ಏನಿದು?"

"ನಂಗೊತ್ತಿಲ್ವಲ್ಲಮ್ಮ" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಮುರಿದಿದ್ದ ಸೊಂಟದ ಮೂಳೆ ಕೂಡಿ ಎದ್ದು ಓಡಾಡುವಂತಾದ ಮೇಲೆ ಅತ್ತೆ ಸ್ನಾನಕ್ಕೆ ನನ್ನನ್ನು ಒಳಗೆ ಬಿಡುತ್ತಿರಲಿಲ್ಲ. ನಾನು ಬಾಗಿಲಾಚೆ ನಿಂತು ಬಿಸಿನೀರು ಕೊಡುತ್ತಿದ್ದೆ. ನಾಚಿಕೆಯ ಹೆಂಗಸು, ಇರಲಿ, ಎಂದುಕೊಂಡಿದ್ದೆ.

"ಎಲ್ಲಾದ್ರೂ ಬಿದ್ಯಾ ಅವ್ವ?"

"ಇಲ್ಲ ಕಣೇ."

"ಮತ್ತೆ?"

"ಅಂಗೇ ಆಗದೆ. ಮುದ್ಕಿ ಮೈ. ನೀರ್ ಉಯ್ಯೇ, ಚಳಿ ಆಯ್ತದೆ."

ನಾದಿನಿ ನೀರು ಹೊಯ್ಯಲಿಲ್ಲ. ಅವಳು ನನ್ನ ಕೈ ನೋಡಿದಳು. ಮುಖ ನೋಡಲಿಲ್ಲ, ಕೈ ನೋಡಿದಳು.

ಇಪ್ಪತ್ತು ವರ್ಷ ಮೀರಿತು ನಾನು ಈ ಮನೆಗೆ ಬಂದು. ಅರಕಲಗೂಡಿನ ಕಡೆಯಿಂದ ಹೊಳೆನರಸೀಪುರಕ್ಕೆ ಬಂದಾಗ ನನ್ನ ತಾಯಿ ಹೇಳಿ ಕಳಿಸಿದ್ದು ಒಂದೇ ಮಾತು, ಅತ್ತೆ ಮಾವನ ಸೇವೆಯಲ್ಲಿ ಶಿವನನ್ನು ಕಾಣು ಅಂತ. ಕಂಡಿದ್ದೇನೆ ಎಂದೇ ನಂಬಿದ್ದೆ. ದಿನಾ ಸಂಜೆ ದೀಪ ಹಚ್ಚಿದಾಗ ಆ ದಿನ ದೇವರು ಮಾಡಿದ ಉಪಕಾರಗಳನ್ನು ಒಂದೊಂದಾಗಿ ನೆನೆಯುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ, ಮಗಳಿಗೆ ಬಸ್ಸಿನಲ್ಲಿ ಸೀಟು ಸಿಕ್ಕಿತು, ಅತ್ತೆ ಒಂದು ತುತ್ತು ಜಾಸ್ತಿ ಉಂಡರು. ಹೀಗೆ ಸಣ್ಣಪುಟ್ಟದ್ದೇ. ಆ ಲೆಕ್ಕದಲ್ಲಿ ನನ್ನ ಸೇವೆಯನ್ನೂ ಮೆಲ್ಲಗೆ ಸೇರಿಸಿಕೊಳ್ಳುತ್ತಿದ್ದೆನೇನೋ, ಈಗ ಅನ್ನಿಸುತ್ತದೆ.

ಆವತ್ತು ಪೂಜೆ ನಿಲ್ಲಿಸಲಾಗುತ್ತದೆಯೇ? ಮಂಗಳಾರತಿ ಎತ್ತಿದೆ. ನಡುಮನೆಯಲ್ಲಿ ಅಣ್ಣ ತಂಗಿಯ ಮಾತು ದೇವರಮನೆಗೆ ಕೇಳಿಸುತ್ತಿತ್ತು.

"ಅಣ್ಣ, ಅವ್ವನ್ನ ನಾನು ಕರ್ಕೊಂಡ್ ಓಯ್ತೀನಿ."

"ಯಾಕೆ? ಇಲ್ಲೇನಾಗದೆ?"

"ಏನಾಗದೆ ಅಂತ ನಿನ್ ಎಂಡ್ತೀನ ಕೇಳು."

ನನ್ನ ಯಜಮಾನರು ಅಂಗಡಿಯಲ್ಲಿ ಗಿರಾಕಿಯೊಬ್ಬ ಹಳೆ ಕೊಡಪಾನ ವಾಪಸು ತಂದರೆ ಹೇಗೆ ಮಾತಾಡದೆ ತಿರುಗಿಸಿ ತಿರುಗಿಸಿ ನೋಡುತ್ತಾರೋ ಹಾಗೆ ಸುಮ್ಮನಿದ್ದರು. ಪಾತ್ರೆ ಅಂಗಡಿ ನಮ್ಮದು. ಅವರು "ಛೆ, ಅವಳು ಅಂಥೋಳಲ್ಲ" ಎಂದು ಒಂದು ಮಾತು ಅಂದಾರೆಂದು ಕರ್ಪೂರ ಆರುವವರೆಗೂ ಕಾದೆ. ಕೊನೆಗೆ ಅಂದದ್ದು, "ಮೊದ್ಲು ಹಾಸನಕ್ಕೆ ಹೋಗಿ ತೋರ್ಸಣ" ಎಂದು. ಅದೂ ಒಂದು ಉಪಕಾರವೇ ಆಯಿತು, ಆಮೇಲೆ.

ಪೂಜೆ ಮುಗಿಸಿ ವಾಡಿಕೆಯಂತೆ ದೇವರ ಮುಂದಿನ ಸೀಬೆಹಣ್ಣುಗಳನ್ನು ಹಿತ್ತಲಿಗೆ ತೆಗೆದುಕೊಂಡು ಹೋಗಿ ಹಸುವಿಗೆ ತಿನ್ನಿಸಿದೆ. ಹಿತ್ತಲಲ್ಲಿ ಒಂದು ಸೀಬೆಮರ ಇದೆ. ಕೊಟ್ಟಿಗೆಗೆ ಅಂಟಿಕೊಂಡೇ ಇದೆ. ಮೊದಲ ಪಾಲು ದೇವರಿಗೆ, ದೇವರದ್ದು ಗೋವಿಗೆ, ಮಿಕ್ಕಿದ್ದು ಅಕ್ಕಪಕ್ಕದವರಿಗೆ ಮತ್ತು ಬಾಗೂರಿಗೆ. ಹಸು ಕಣ್ಣು ಮುಚ್ಚಿಕೊಂಡು ಅಗಿಯಿತು. ಅದರ ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡು, ತಾಯಿ, ನೀನೇ ಸಾಕ್ಷಿ, ಎಂದೆ.

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದದ್ದು ಯುಗಾದಿ ಕಳೆದ ಹೊಸತರಲ್ಲಿ. ಹಾಸನದಲ್ಲಿ ಆಪರೇಷನ್ ಮಾಡಿ ಸೊಂಟಕ್ಕೆ ರಾಡು ಕೂರಿಸಿದರು. ಮನೆಗೆ ಕಳಿಸುವಾಗ "ಎಲ್ಲಾ ತಿನ್ಬೋದು" ಎಂದೇ ಹೇಳಿದ್ದರು. ಆದರೆ ಡಾಕ್ಟರು ಹೇಳಿ ಹೋಗುತ್ತಾರೆ, ಹೊಲಿಗೆ ಕೀವು ಕಟ್ಟಿದರೆ ನೋಡುವವರು ಯಾರು? ನಮ್ಮಲ್ಲಿ ಕೊಯ್ದ ಗಾಯಕ್ಕೆ ಪಥ್ಯ ಇದ್ದೇ ಇದೆ. ಹುಳಿ ನಂಜು. ಬದನೆಕಾಯಿ ನಂಜು. ಸೊಪ್ಪು ವಾಯು. ಹಣ್ಣು ಶೀತ. ಇದನ್ನೆಲ್ಲ ನನಗೆ ಹೇಳಿಕೊಟ್ಟವರು ಅತ್ತೆಯೇ. ಎರಡು ಬಾಣಂತನದಲ್ಲೂ ನನ್ನನ್ನು ಪಥ್ಯದಲ್ಲಿ ಕೂರಿಸಿ, ಬೆಳ್ಳುಳ್ಳಿ ಮೆಣಸು ತುಪ್ಪದ ಮೇಲೆ ಎಬ್ಬಿಸಿ ನಿಲ್ಲಿಸಿದವರು ಅವರು. ಕಲಿಸಿದ ಪಾಠವನ್ನು ಗುರುವಿಗೇ ಒಪ್ಪಿಸುವ ಹಾಗೆ ನಾನು ಅವರಿಗೆ ಪಥ್ಯ ಮಾಡಿದೆ.

ಬಿಸಿ ಅನ್ನ, ಬೇಳೆಕಟ್ಟಿನ ಸಾರು, ಮೆಣಸಿನ ಸಾರು. ರಾಗಿ ಗಂಜಿ. ಹಾಲಿನಲ್ಲಿ ಅದ್ದಿದ ರಸ್ಕು. ಅವರಿಗೆ ಉಳಿದಿದ್ದದ್ದು ಮುಂದಿನ ನಾಲ್ಕೈದು ಹಲ್ಲು, ಅದಕ್ಕೆ ಹೀರೇಕಾಯಿಯ ಸಿಪ್ಪೆ ಹೆರೆದು, ಕರಗುವ ಹಾಗೆ ಬೇಯಿಸಿ, ನೀರು ಬಸಿದು ಚೆಲ್ಲಿ, ತುಪ್ಪ ಹಾಕಿ ಕಲೆಸಿ ಕೊಡುತ್ತಿದ್ದೆ. ಒಂದು ದಿನ ತಪ್ಪಿಸಲಿಲ್ಲ. ದೇವಸ್ಥಾನದ ಜಗಲಿಯಲ್ಲಿ ಹೆಂಗಸರು, "ನಮ್ ಸೊಸೇರೂ ಅವ್ರೆ ನೋಡಿ, ನಿಮ್ಮಂಗೆ ಪಥ್ಯ ಮಾಡೋರು ಯಾರವ್ರೆ ಈ ಕಾಲ್ದಾಗೆ" ಎನ್ನುತ್ತಿದ್ದರು. "ಅಯ್ಯೋ ನಂದೇನಿದೆ" ಎನ್ನುತ್ತಿದ್ದೆ. ಮನೆಗೆ ಬರುವಾಗ ಕಾಲು ನೆಲದ ಮೇಲಿರುತ್ತಿರಲಿಲ್ಲ.

ಗಾಯ ಚೆನ್ನಾಗಿ ಮಾಯಿತು. ಮಳೆಗಾಲ ಬಂತು, ಹೋಯಿತು. ಪಥ್ಯ ಮಾತ್ರ ನಡೆದೇ ಇತ್ತು.

ಹಾಸನಕ್ಕೆ ಮಾರನೆಯ ದಿನವೇ ಹೋದೆವು. ಅಂಗಡಿಯ ವ್ಯಾನಿನಲ್ಲಿ ಯಜಮಾನರು ಮುಂದೆ, ಹಿಂದೆ ಅತ್ತೆಯ ಒಂದು ಮಗ್ಗುಲಿಗೆ ನಾದಿನಿ, ಇನ್ನೊಂದು ಮಗ್ಗುಲಿಗೆ ನಾನು. ದಾರಿಯುದ್ದಕ್ಕೂ ನಾದಿನಿ ತಾಯಿಯ ಕೈ ಬಿಡಲಿಲ್ಲ. ನಾನು ಹಿಡಿಯಲಿಲ್ಲ. ಹಿಡಿದರೆ ಅದಕ್ಕೂ ಏನು ಅರ್ಥವಾಗುತ್ತದೋ ಎಂದು ಮಡಿಲಲ್ಲಿ ಕೈ ಇಟ್ಟುಕೊಂಡು ಕೂತೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕಾಲು ನೋಡಿದರು, ಕೈ ನೋಡಿದರು. "ಬಾಯಿ ತೆಗೀರಿ ಅಜ್ಜಿ" ಎಂದರು.

ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದರು. "ಬ್ಯಾಡ ಕಣವ್ವ. ವಾಸ್ನೆ."

"ಪರ್ವಾಗಿಲ್ಲ, ತೆಗೀರಿ."

ವಸಡು ಊದಿ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಹಲ್ಲಿನ ಬುಡದಲ್ಲಿ ರಕ್ತ ಜಿನುಗುತ್ತಿತ್ತು. ನಾನು ಬೇರೆ ಕಡೆ ನೋಡಿದೆ.

"ಎಲೆಅಡಿಕೆ ಹಾಕ್ತೀರಾ?"

"ಕುಟ್ಟಾಣೀಲಿ ಕುಟ್ಕೊಂಡು ಆಕ್ಕೊತೀನಿ. ಅದೊಂದ್ ಚಟ."

"ಅದಕ್ಕೇ ಯಾರಿಗೂ ಗೊತ್ತಾಗಿಲ್ಲ. ಉಗುಳೋದೆಲ್ಲ ಕೆಂಪಗೇ ಇರುತ್ತಲ್ಲ."

ದಿನಾ ಬೆಳಿಗ್ಗೆ ಅವರ ಪೀಕದಾನಿ ತೊಳೆಯುತ್ತಿದ್ದವಳು ನಾನು.

ಡಾಕ್ಟರಮ್ಮ ನಾದಿನಿಯನ್ನು ಹತ್ತಿರ ಕರೆದು ಅತ್ತೆಯ ಕಾಲು ತೋರಿಸಿದರು. ನಾದಿನಿಯ ಮುಖದಲ್ಲಿ ಏನಿತ್ತೋ ಅವರು ಓದಿಕೊಂಡಿರಬೇಕು. "ಹೊಡೆದ ಗುರುತಲ್ಲಮ್ಮ ಇದು. ನೋಡಿ, ಒಂದೊಂದು ಕೂದಲಿನ ಬುಡದಲ್ಲೂ ಒಂದೊಂದು ಚುಕ್ಕೆ. ಹೊಡೆದ್ರೆ ಹೀಗೆ ಬರಲ್ಲ. ರಕ್ತದ ನಾಳ ಗಟ್ಟಿಯಿಲ್ಲ, ಕೂತು ಎದ್ರೂ ಒಡೆಯುತ್ತೆ" ಎಂದರು.

ನಾದಿನಿಯ ತಲೆ ಬಗ್ಗಿತು. ನಾನು ಸೆರಗಿನೊಳಗೇ ಕೈ ಮುಗಿದೆ. ಶಿವನೇ, ಮಾನ ಉಳಿಸಿದೆ.

ಅಷ್ಟರಲ್ಲಿ ಅವರು ನನ್ನ ಕಡೆ ತಿರುಗಿದರು. "ಅಡುಗೆ ನೀವಾ ಮಾಡೋದು? ಏನೇನು ಕೊಡ್ತೀರಿ?"

ನಾನು ಉತ್ಸಾಹದಿಂದಲೇ ಹೇಳಿದೆ. ಅನ್ನ, ಬೇಳೆಕಟ್ಟು, ಗಂಜಿ, ತುಪ್ಪ, ಹಾಲು. ಬೇಯಿಸಿದ ನೀರು ಬಸಿಯುವುದನ್ನೂ ಬಿಡಲಿಲ್ಲ.

"ಹಣ್ಣು?"

"ಹಣ್ಣು ಕೊಡಲ್ಲ ಮೇಡಂ. ಪಥ್ಯ."

"ನಿಂಬೆಹಣ್ಣು, ಟೊಮೆಟೊ?"

"ಹುಳಿ ನಂಜಲ್ವಾ."

"ಸೊಪ್ಪು, ಹಸಿ ಸೌತೆಕಾಯಿ, ಏನಾದ್ರೂ?"

ನನ್ನ ದನಿ ಅಷ್ಟು ಹೊತ್ತಿಗೆ ಇಳಿದಿತ್ತು. "ಆಪರೇಷನ್ ಆದಾಗಿಂದ ಇಲ್ಲ."

"ಯುಗಾದಿಯಿಂದ!" ಅವರು ಪೆನ್ನು ಕೆಳಗಿಟ್ಟರು. "ಸಿ ವಿಟಮಿನ್ ಒಂಚೂರೂ ಹೋಗಿಲ್ಲ ಇವರ ಮೈಗೆ. ಪಥ್ಯ ಯಾವಾಗ ನಿಲ್ಲಿಸ್ಬೇಕು ಅಂತ ಯಾರು ಹೇಳ್ಬೇಕಿತ್ತು?"

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ನನ್ನ ಮುಖ ನೋಡಿದರು.

ನಮ್ಮ ಮನೆಗಳಲ್ಲಿ ಪಥ್ಯ ತಾನಾಗಿ ಮುಗಿಯುವುದಿಲ್ಲ. ಮನೆಯ ಹಿರಿಯ ಹೆಂಗಸು ಒಂದು ದಿನ ಎಣ್ಣೆನೀರು ಹಾಕಿ, ದೇವರ ಮುಂದೆ ಕೂರಿಸಿ, ಬಿಡಿಸಿದ್ದ ಪದಾರ್ಥವನ್ನು ತನ್ನ ಕೈಯಾರೆ ಬಾಯಿಗಿಟ್ಟು "ಇನ್ನು ಎಲ್ಲಾ ತಿನ್ನು" ಎನ್ನಬೇಕು. ಅದೇ ಪಥ್ಯ ಮುರಿಯುವುದು. ನಮ್ಮ ಮನೆಯ ಹಿರಿಯ ಹೆಂಗಸು ಅತ್ತೆ. ಪಥ್ಯದಲ್ಲಿದ್ದವರೂ ಅತ್ತೆ.

"ಅತ್ತೆಮ್ಮ ಹೇಳ್ಲಿಲ್ಲ ಮೇಡಂ" ಎಂದೆ.

"ಪಥ್ಯ ಮಾಡ್ಸೋಳು ಅವ್ಳು. ನಾನೆಂಗವ್ವ ಏಳ್ಲಿ?" ಎಂದರು ಅತ್ತೆ. "ಕೊಟ್ರೆ ತಿಂತೀನಿ. ಕೇಳಿ ತಿನ್ನಕಾಯ್ತದಾ?"

ಡಾಕ್ಟರಮ್ಮ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ಹೊಡೆದಿಲ್ಲ ಎಂದು ತೀರ್ಮಾನವಾಗಿ ಇನ್ನೂ ಹತ್ತು ನಿಮಿಷ ಆಗಿರಲಿಲ್ಲ. ಹೊಡೆದಿದ್ದರೆ ಒಂದೇ ಏಟಿಗೆ ಮುಗಿಯುತ್ತಿತ್ತು ಎಂದು ಆ ಕುರ್ಚಿಯಲ್ಲಿ ಕೂತಾಗ ನನಗೆ ಅನ್ನಿಸಿತು. ನಾನು ಮಾಡಿದ್ದು ದಿನಾ, ತುಪ್ಪ ಹಾಕಿ, ಬಿಸಿಬಿಸಿಯಾಗಿ.

ಮಾತ್ರೆ ಬರೆದುಕೊಟ್ಟರು. ರಕ್ತ ಪರೀಕ್ಷೆಗೆ ತೆಗೆದುಕೊಂಡರು. ಬೇಗ ಸರಿಹೋಗುತ್ತಾರೆ, ಹೆದರಬೇಡಿ, ಹಣ್ಣು ಕೊಡಿ, ಎಂದರು. ಆಸ್ಪತ್ರೆಯ ಎದುರು ನಾದಿನಿ ಕಿತ್ತಳೆಹಣ್ಣು ಕೊಂಡು ವ್ಯಾನಿನಲ್ಲೇ ಸುಲಿದು ತೊಳೆ ಬಿಡಿಸಿ ತಾಯಿಯ ಕೈಗಿಟ್ಟಳು. ಅತ್ತೆ ಅದನ್ನು ಮೂಸಿದರು. ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

"ತಿನ್ನವ್ವ! ಡಾಕ್ಟ್ರೇ ಏಳವ್ರೆ" ಎಂದಳು ನಾದಿನಿ.

"ಪಥ್ಯ ಮುರ್ಯೋದು ಮನೇಲಿ ಕಣೇ, ದೇವ್ರ ಮುಂದೆ. ವ್ಯಾನ್ನಾಗಲ್ಲ. ಇಷ್ಟ್ ದಿನ ತಡ್ಕಂಡಿವ್ನಿ, ಊರ್ ಬರೋಗಂಟ ತಡ್ಯಕಿಲ್ವಾ?"

ಊರು ತಲುಪುವವರೆಗೆ ವ್ಯಾನಿನ ತುಂಬ ಕಿತ್ತಳೆಯ ವಾಸನೆ ಇತ್ತು.

ಸಂಜೆ ನನ್ನ ಮಗಳು ಬಸ್ಸಿಳಿದು ಬಂದಳು. ಹಾಸನದ ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುತ್ತಾಳೆ. ನಾನು ಹಿತ್ತಲಲ್ಲಿ ಸೀಬೆಮರದ ಕೆಳಗೆ ಹಣ್ಣು ಕೀಳುವ ದೋಟಿ ಹಿಡಿದು ನಿಂತಿದ್ದೆ. ಆಸ್ಪತ್ರೆಯಲ್ಲಿ ನಡೆದದ್ದನ್ನು ಹೇಳಿದೆ. ಅವಳು ಬ್ಯಾಗನ್ನು ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು.

"ಹೋದ್ ಪರೀಕ್ಷೇಲಿ ಇದನ್ನೇ ಬರ್ದಿದೀನಮ್ಮ. ವಸಡು ಊದುತ್ತೆ, ಕಲೆ ಬರುತ್ತೆ, ಎಲ್ಲಾ. ಅಜ್ಜಿ ಪಕ್ಕದಲ್ಲೇ ಮಲಗ್ತೀನಿ. ಒಂದಿನ ಬಾಯ್ ನೋಡ್ಲಿಲ್ಲ."

"ನೀನ್ಯಾಕೆ ಅಳ್ತೀಯ. ಅಡುಗೆ ಮಾಡೋಳು ನಾನು."

ಅವಳು ಕಣ್ಣೊರೆಸಿಕೊಂಡು ಮರ ನೋಡಿದಳು. "ಇದೆಲ್ಲಾ ಇಲ್ಲೇ ತಯಾರಾಗ್ತಿತ್ತಲ್ಲಮ್ಮ, ನಮ್ಮ ಹಿತ್ತಲಲ್ಲೇ" ಎಂದಳು.

ನಾನು ಕೇಳಿದೆ, ಹೇಗೆ ತಯಾರಾಗುತ್ತದೆ ಎಂದು. ಆ ಹೊತ್ತಿಗೆ ನನಗೆ ತಿಳಿಯಲೇಬೇಕಿತ್ತು. ಯಾವುದನ್ನು ತಡೆದಿಟ್ಟೆನೋ ಅದು ಏನೆಂದಾದರೂ ಗೊತ್ತಾಗಬೇಕಲ್ಲ.

ಅವಳು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಎಲೆ ಬಿಸಿಲಿನಿಂದ ಸಕ್ಕರೆ ಮಾಡಿಕೊಳ್ಳುತ್ತದೆ. ಆ ಸಕ್ಕರೆಯಲ್ಲಿ ಸ್ವಲ್ಪವನ್ನು ತಿರುಚಿ ಮುರುಚಿ, ಒಂದು ಹಂತದಿಂದ ಇನ್ನೊಂದು ಹಂತಕ್ಕೆ ಬದಲಾಯಿಸಿ, ಕೊನೆಗೆ ಈ ಸಿ ವಿಟಮಿನ್ ಮಾಡುತ್ತದೆ. ನಮಗೋಸ್ಕರ ಅಲ್ಲ, ತನಗೋಸ್ಕರ. ಯಾವ ಬಿಸಿಲಿನಿಂದ ಬದುಕುತ್ತದೋ ಅದೇ ಬಿಸಿಲು ಎಲೆಯನ್ನು ಸುಡಲೂ ಬಲ್ಲದು. ಆ ಸುಡುವಿಕೆಯಿಂದ ಕಾಪಾಡಿಕೊಳ್ಳಲು ಗಿಡಕ್ಕೆ ಇದು ಬೇಕು. ಹಣ್ಣು ಎಲೆಯಿಂದಲೂ ಪಡೆಯುತ್ತದೆ, ತಾನೂ ಮಾಡಿಕೊಳ್ಳುತ್ತದೆ. ಅದಕ್ಕೇ ಬಿಸಿಲಿಗೆ ಮುಖ ಕೊಟ್ಟ ಹಣ್ಣಿನಲ್ಲಿ ಹೆಚ್ಚು, ಒಳಗಿನ ತಿರುಳಿಗಿಂತ ಸಿಪ್ಪೆಯಲ್ಲಿ ಹೆಚ್ಚು.

"ಸಿಪ್ಪೇಲಾ?" ಎಂದೆ. ಯಾರಿಗೆ ಕೊಡುವಾಗಲೂ ನಾನು ಸಿಪ್ಪೆ ಹೆರೆದೇ ಕೊಡುತ್ತಿದ್ದೆ.

"ಹೂಂ. ಬೇಯಿಸಿದ್ರೆ ಹೋಗುತ್ತೆ. ನೀರಲ್ಲಿ ಕರಗಿ ಹೋಗುತ್ತೆ, ನೀವು ಬಸಿದು ಚೆಲ್ತೀರಲ್ಲ, ಅದ್ರಲ್ಲಿ. ಒಣಗಿದ ಕಾಳಲ್ಲಿ ಇರೋದೇ ಇಲ್ಲ ಅನ್ನಬೇಕು. ಅದೇ ಹೆಸರುಕಾಳನ್ನ ನೆನೆಸಿ ಕಟ್ಟಿಟ್ರೆ, ಮೊಳಕೆ ಬರೋವಾಗ ಅದು ಮೊದಲು ಮಾಡ್ಕೊಳೋದ್ರಲ್ಲಿ ಇದೂ ಒಂದು."

ನಾನು ತಿಂಗಳುಗಟ್ಟಲೆ ಕೊಟ್ಟದ್ದು ತೊಗರಿಬೇಳೆ. ಒಡೆದ ಬೇಳೆ. ಅದಕ್ಕೆ ಮೊಳಕೆಯೂ ಇಲ್ಲ.

"ಸರಿ, ಹಸು ಹುಲ್ಲು ತಿಂದು ಗಟ್ಟಿ ಇಲ್ವಾ?" ಎಂದೆ. ಎಲ್ಲಾದರೂ ಒಂದು ಬಿಡುಗಡೆ ಸಿಗುತ್ತದೇನೋ ಎಂದು ಕೇಳಿದ್ದು.

"ಹಸು ತಾನೇ ಮಾಡ್ಕೊಳುತ್ತಮ್ಮ, ಪಿತ್ತಜನಕಾಂಗದಲ್ಲಿ. ನಾಯಿ, ಬೆಕ್ಕು, ಮೇಕೆ ಎಲ್ಲಾ ಮಾಡ್ಕೊಳುತ್ತೆ. ಮನುಷ್ಯರಿಗೆ ಆಗಲ್ಲ. ಕೋತಿಗೂ ಆಗಲ್ಲ. ಇನ್ನು ಕೆಲವು ಬಾವಲಿಗೆ, ಅಂಥ ಬೆರಳೆಣಿಕೆಯ ಪ್ರಾಣಿಗೆ. ನಾವು ಗಿಡ ಮಾಡಿದ್ದನ್ನ ತಿನ್ನಲೇಬೇಕು."

ಅತ್ತೆ ಹಿಂಬಾಗಿಲ ಹೊಸಿಲ ಮೇಲೆ ಬಂದು ಕೂತಿದ್ದು ನಮಗೆ ಗೊತ್ತೇ ಆಗಿರಲಿಲ್ಲ. "ಕೋತಿಗೂ ನಮ್ಗೂ ಇಲ್ವಾ?" ಎಂದರು. "ಅದ್ಕೇಯ ಅದು ಮರ ಬಿಟ್ ಇಳ್ಯಕಿಲ್ಲ. ನಮ್ಗಿಂತ ಬುದ್ವಂತ."

ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಹಸು ನನ್ನ ಕೈಯ ಕಡೆಗೇ ಮೂತಿ ಚಾಚಿಕೊಂಡಿತ್ತು, ದಿನದ ಅಭ್ಯಾಸ. ಬೇಕಾಗಿದ್ದವರು ಹೊಸಿಲ ಮೇಲೆ ಕೂತು ಹಣ್ಣಿಗೆ ಬರುವ ಗಿಳಿ ಓಡಿಸುತ್ತಿದ್ದರು. ಬೇಕಿಲ್ಲದ್ದಕ್ಕೆ ನಾನು ಕೈಯಾರೆ ತಿನ್ನಿಸಿ, ಕಣ್ಣಿಗೊತ್ತಿಕೊಂಡು, ಪುಣ್ಯ ಬಂತೆಂದು ಒಳಗೆ ಹೋಗುತ್ತಿದ್ದೆ. ಸಿಪ್ಪೆಯೂ ಅದಕ್ಕೇ. ಹಿಂದಿನ ದಿನ ಯಾರನ್ನು ಸಾಕ್ಷಿ ಎಂದು ಕರೆದೆನೋ ಅದರ ಮುಖ ನೋಡಲಾಗಲಿಲ್ಲ.

ದೇವರು ಕರುಣಾಮಯಿ ಎಂಬ ಮಾತಿನಲ್ಲಿ ನನಗೆ ಈಗಲೂ ಅನುಮಾನವಿಲ್ಲ. ನಮ್ಮೊಳಗೆ ಇಲ್ಲದ್ದನ್ನು ಹಿತ್ತಲಲ್ಲಿ ಇಟ್ಟಿದ್ದ. ಮರ ತನಗೆಂದು ಮಾಡಿಕೊಂಡರೂ ನಮ್ಮಿಂದ ಮುಚ್ಚಿಟ್ಟಿರಲಿಲ್ಲ, ಕೊಂಬೆ ಬಗ್ಗಿಸಿ ನಿಂತಿತ್ತು. ಅವನೂ ತಡೆದಿರಲಿಲ್ಲ, ಅದೂ ತಡೆದಿರಲಿಲ್ಲ. ನಡುವೆ ಪಥ್ಯದ ತಟ್ಟೆ ಹಿಡಿದುಕೊಂಡು ನಾನು ನಿಂತಿದ್ದೆ.

ಶಾಸ್ತ್ರದಂತೆ ಪಥ್ಯ ಮುರಿಯಬೇಕಾದರೆ ಮಾರನೆಯ ಬೆಳಿಗ್ಗೆ ಎಣ್ಣೆನೀರು, ಪೂಜೆ, ಆಮೇಲೆ. ನಾನು ಕಾಯಲಿಲ್ಲ. ಬಿಸಿಲ ಕಡೆಯ ಕೊಂಬೆಯಿಂದ ಒಂದು ಹಣ್ಣು ಕಿತ್ತೆ. ತೊಳೆದೆ. ದೇವರಮನೆಗೆ ಒಯ್ಯಲಿಲ್ಲ. ಹುಟ್ಟಿದಾಗಿನಿಂದ ದೇವರಿಗೆ ತೋರಿಸದೆ ಮರದ ಹಣ್ಣು ಯಾರಿಗೂ ಕೊಟ್ಟವಳಲ್ಲ. ಅತ್ತೆಯ ಕುಟ್ಟಾಣಿಯನ್ನು ಎಲೆಅಡಿಕೆಯ ಬಣ್ಣ ಹೋಗುವವರೆಗೆ ಉಜ್ಜಿ ತೊಳೆದು, ಸಿಪ್ಪೆಯ ಸಮೇತ ಹಣ್ಣು ಹೆಚ್ಚಿ ಹಾಕಿ ಅದರಲ್ಲೇ ಜಜ್ಜಿದೆ. ಬೀಜ ಆರಿಸಿದೆ. ಹೊಸಿಲ ಮೇಲೆ ಅವರ ಎದುರು ಕೂತೆ.

"ಅತ್ತೆಮ್ಮ, ಅಪ್ಪಣೆ ಕೊಡಿ. ಪಥ್ಯ ಮುರೀತೀನಿ."

"ದೇವ್ರಿಗೆ ಇಟ್ಟ್ಯಾ?"

"ಇಲ್ಲ."

ಅವರು ನನ್ನ ಮುಖವನ್ನು ತುಂಬ ಹೊತ್ತು ನೋಡಿದರು. ಆಮೇಲೆ ಬಾಯಿ ತೆರೆದರು. ಬೆರಳಲ್ಲಿ ತೆಗೆದು ಇಟ್ಟೆ. ವಸಡಿಗೆ ಉರಿಯಿತೇನೋ, ಮುಖ ಹಿಂಡಿದರು, ಆದರೆ ಉಗುಳಲಿಲ್ಲ. ಇನ್ನೊಂದು ತುತ್ತಿಗೂ ಬಾಯಿ ತೆರೆದರು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಬಾಡಿದ್ದ ಆ ಕಿತ್ತಳೆಯ ತೊಳೆಗಳನ್ನು ಅಂಗೈ ಮೇಲೆ ಹರಡಿಕೊಂಡು, ಅದನ್ನೇ ನೋಡುತ್ತಾ ಹೇಳಿದರು.

"ನಿನ್ ಮೊದ್ಲ ಬಾಣಂತನ್ದಾಗೆ ಒಂದಿನ ನೀನು ಕಿತ್ಲೆಹಣ್ ಕೇಳ್ದೆ. ನಾನ್ ಕೊಡ್ಲಿಲ್ಲ. ಶೀತ ಅಂದೆ. ನೀನು ಗ್ವಾಡೆ ಕಡೀಕ್ ತಿರುಕ್ಕೊಂಡು ಮನೀಕಂಡೆ."

"ಅದೆಲ್ಲಾ ಈಗ್ಯಾಕೆ ಅತ್ತೆಮ್ಮ."

"ಅದ್ನ ಮನಸ್ನಾಗ್ ಇಟ್ಕಂಡಿದೀಯೇನೋ ಅನ್ಕಂಡಿದ್ದೆ ಕಣವ್ವ. ಇಟ್ಕಂಡ್ರೂ ತಪ್ಪಿಲ್ಲ ಅನ್ಕಂಡು ಸುಮ್ಕಿದ್ದೆ."

ಮಗಳು ಎದ್ದು ಒಳಗೆ ಹೋದಳು. ನನಗೆ ಆ ಕಿತ್ತಳೆಯ ನೆನಪೇ ಇಲ್ಲ ಎಂದು ಹೇಳಿದೆ. ದೇವರಾಣೆ ಎಂದೆ. ಹೇಳಿ ಮುಗಿಸುವ ಹೊತ್ತಿಗೆ ಗೋಡೆಯ ಕಡೆ ತಿರುಗಿ ಮಲಗಿದ್ದೂ, ಆ ಗೋಡೆಯ ಸುಣ್ಣ ಎಲ್ಲಿ ಬಿರುಕು ಬಿಟ್ಟಿತ್ತು ಎಂಬುದೂ ನೆನಪಿಗೆ ಬಂತು. ಆಣೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಅವರ ಕಾಲು ಹಿಡಿದುಕೊಂಡೆ. ಕಲೆಗಳ ಮೇಲೆ ಕೈ ಒತ್ತದ ಹಾಗೆ, ಪಾದ ಮಾತ್ರ ಹಿಡಿದುಕೊಂಡೆ.

"ಬುಡು, ಬುಡು. ಹಣ್ ತಿನ್ನಕ್ ಬುಡು ಮೊದ್ಲು" ಎಂದರು.

ನಾದಿನಿ ಮಾರನೆಯ ದಿನ ಬಾಗೂರಿಗೆ ಒಬ್ಬಳೇ ಹೋದಳು. ಹೊರಡುವಾಗ ನನ್ನ ಕೈಗೆ ಅರಿಶಿನ ಕುಂಕುಮ ಕೊಟ್ಟು, ಕೈ ಬಿಡದೆ ಒಂದು ಗಳಿಗೆ ನಿಂತಳು. ಅವಳು ತಪ್ಪಾಯಿತು ಎಂದಿದ್ದರೆ ನಾನು ತಡೆದುಕೊಳ್ಳುತ್ತಿರಲಿಲ್ಲ. ಅನ್ನದೆ ಹೋದದ್ದು ಒಂದು ಉಪಕಾರ.

ಕಾರ್ತಿಕ ಮುಗಿಯುವ ಹೊತ್ತಿಗೆ ಕಲೆಗಳು ಹಳದಿಯಾಗಿ, ಆಮೇಲೆ ಮಾಸಿ ಹೋದವು. ವಸಡು ಇಳಿಯಿತು. ವಾರಕ್ಕೆರಡು ಸಲ ಮೊಳಕೆ ಹೆಸರುಕಾಳು ಜಜ್ಜಿ, ನಿಂಬೆಹಣ್ಣು ಹಿಂಡಿ ಕೋಸಂಬರಿ ಮಾಡುತ್ತೇನೆ. ಬಟ್ಟೆಯ ಗಂಟು ಬಿಚ್ಚಿದಾಗ ರಾತ್ರಿಯೊಳಗೆ ಕಾಳು ಚಾಚಿದ ಬಿಳಿಯ ಬಾಲ ಕಂಡರೆ ಕೈ ಮುಗಿಯುವ ಹಾಗಾಗುತ್ತದೆ. ದೇವಸ್ಥಾನದ ಹೆಂಗಸರು, "ಅತ್ತೆ ಉಷಾರಾದ್ರಂತೆ, ನೀವ್ ಮಾಡಿದ್ ಪಥ್ಯಕ್ಕೆ" ಎಂದರು. ಅಲ್ಲ, ಪಥ್ಯ ಬಿಟ್ಟಿದ್ದಕ್ಕೆ, ಎಂದೆ. ಅವರು ನಾನು ವಿನಯಕ್ಕೆ ಹೇಳುತ್ತಿದ್ದೇನೆಂದು ನಕ್ಕರು.

ಆದರೆ ಹಣ್ಣು ಕೈಗೆ ಕೊಟ್ಟರೆ ಅತ್ತೆ ಈಗಲೂ ಒಮ್ಮೆ ನನ್ನ ಮುಖ ನೋಡಿಯೇ ತೆಗೆದುಕೊಳ್ಳುತ್ತಾರೆ. ಬೇಕೆಂದು ನೋಡುವುದಲ್ಲ. ಅಭ್ಯಾಸವಾಗಿದೆ. ಅದಕ್ಕೇ ನಾನು ಕೈಗೆ ಕೊಡುವುದನ್ನು ಬಿಟ್ಟಿದ್ದೇನೆ. ಸಂಜೆ ಹಣ್ಣು ತೊಳೆದು ಸಣ್ಣ ಬುಟ್ಟಿಯಲ್ಲಿ ಹಾಕಿ ಅವರ ಮಂಚದ ಪಕ್ಕ ಇಟ್ಟು, ಏನೋ ಕೆಲಸವಿದ್ದವಳ ಹಾಗೆ ಅಡುಗೆಮನೆಗೆ ಬರುತ್ತೇನೆ. ಬತ್ತಿ ಹೊಸೆಯುತ್ತಾ ಕಿವಿಗೊಟ್ಟು ಕೂರುತ್ತೇನೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಹಣ್ಣು ಜಜ್ಜುವ ಕುಟ್ಟಾಣಿಯ ಸದ್ದು ಬರುತ್ತದೆ. ಅದು ಬಂದ ಮೇಲೆ ಎದ್ದು ದೇವರಿಗೆ ದೀಪ ಹಚ್ಚುತ್ತೇನೆ.